ಮಾಳಿಗೆಯ ಬಿಸಿಲು ನಿಮ್ಮದು, ಅದರ ಲೆಕ್ಕವೂ ನಿಮ್ಮದೇ ಆಗಲಿ

ತಮ್ಮಾ, ತಂಗೆವ್ವಾ,

ನಮ್ಮ ಕೊಪ್ಪಳ ಜಿಲ್ಲೆಗೆ ಕರೆಂಟ್ ಹುಟ್ಟಿಸುವುದು ಹೊಸದಲ್ಲ. ಮುನಿರಾಬಾದಿನಲ್ಲಿ ತುಂಗಭದ್ರೆಯ ಎಡದಂಡೆಯ ವಿದ್ಯುದಾಗಾರ ನಿಮ್ಮ ತಂದೆ ತಾಯಿ ಶಾಲೆಗೆ ಹೋಗುವ ಮೊದಲಿನಿಂದಲೂ ತಿರುಗುತ್ತಿದೆ. ಗಂಗಾವತಿ ಸೀಮೆಯಲ್ಲಿ ಭತ್ತದ ಹೊಟ್ಟು ಸುಟ್ಟು ಕರೆಂಟ್ ತೆಗೆಯುವುದನ್ನು ಕಂಡಿದ್ದೀರಿ. ಯಲಬುರ್ಗಾ, ಕುಷ್ಟಗಿ, ಕುಕನೂರು ಕಡೆಯ ಎರೆಹೊಲಗಳಲ್ಲಿ ಗಾಳಿ ಫ್ಯಾನುಗಳು ಈಗ ಜಾಲಿಮರಕ್ಕಿಂತ ಹೆಚ್ಚು ಕಣ್ಣಿಗೆ ಬೀಳುತ್ತವೆ. 2024-25ರ ಒಂದೇ ವರ್ಷದಲ್ಲಿ ಕರ್ನಾಟಕ 1,300 ಮೆಗಾವ್ಯಾಟಿಗೂ ಹೆಚ್ಚು ಗಾಳಿ ವಿದ್ಯುತ್ ಸಾಮರ್ಥ್ಯ ಸೇರಿಸಿಕೊಂಡು ದೇಶಕ್ಕೇ ಮೊದಲಾಯಿತು.

ಆದರೆ ಇವೆಲ್ಲದರಲ್ಲೂ ನಮ್ಮ ಪಾತ್ರ ಏನು? ಜಮೀನು ಲೀಸಿಗೆ ಕೊಟ್ಟವರು, ಫ್ಯಾನಿನ ಬುಡಕ್ಕೆ ಕಾವಲು ಕೂತವರು, ತಿಂಗಳ ಕೊನೆಗೆ ಬಿಲ್ಲು ಕಟ್ಟಿದವರು. ಕರೆಂಟ್ ಮಾಡುವುದು ಕಂಪನಿಯವರ ಕೆಲಸ, ಸರ್ಕಾರದ ಕೆಲಸ, ನಾವು ಉಪಯೋಗಿಸುವವರು ಅಷ್ಟೇ ಎಂಬ ಭಾವನೆ ನಿಮ್ಮ ತಲೆಯಲ್ಲೂ ಕೂತಿದೆ. ಅದನ್ನು ಮೊದಲು ತೆಗೆದುಹಾಕಿ. ನಿಮ್ಮ ಮಾಳಿಗೆಯ ಮೇಲೆ, ನಿಮ್ಮ ಹೊಲದ ಬದುವಿನಲ್ಲಿ ಕರೆಂಟ್ ಮಾಡಿಕೊಳ್ಳುವುದು ಯಾರೋ ದಯೆ ತೋರಿ ಕೊಡುವ ಪರವಾನಗಿಯಲ್ಲ, ಕಾನೂನು ಕೊಟ್ಟ ಹಕ್ಕು. ಅದರ ಜೊತೆಗೇ ಇನ್ನೊಂದು ಮಾತು: ಕಾಗದ, ತಾರೀಖು, ಲೆಕ್ಕ ಈ ಮೂರನ್ನು ಕೈಯಲ್ಲಿ ಹಿಡಿದವರಿಗೆ ಮಾತ್ರ ಆ ಹಕ್ಕು ದಕ್ಕುತ್ತದೆ. ನಾನು ಹೇಳಬೇಕಾದದ್ದು ಇಷ್ಟೇ. ಮುಂದಿನದೆಲ್ಲ ಅದರ ವಿವರ.

ಮೊದಲು ಹಿಂದಿನ ಕಥೆ ತಿಳಿಯಿರಿ. 1948ರ ವಿದ್ಯುತ್ ಸರಬರಾಜು ಕಾಯ್ದೆಯ 44ನೇ ಕಲಮಿನ ಪ್ರಕಾರ ಖಾಸಗಿಯವರು ಹೊಸ ಉತ್ಪಾದನಾ ಕೇಂದ್ರ ಕಟ್ಟಬೇಕಾದರೆ ವಿದ್ಯುತ್ ಮಂಡಳಿಯ ಲಿಖಿತ ಒಪ್ಪಿಗೆ ಬೇಕಿತ್ತು. ನಮ್ಮಲ್ಲಿ 1957ರಲ್ಲಿ ಆ ಮಂಡಳಿ ಬಂತು. ಊರಿನ ಹಿರಿಯರು ಇವತ್ತಿಗೂ ನಮ್ಮ ಸರಬರಾಜು ಕಂಪನಿಯಾದ ಜೆಸ್ಕಾಂನ ಆಫೀಸನ್ನು 'ಕೆ.ಇ.ಬಿ.' (ಕರ್ನಾಟಕ ವಿದ್ಯುತ್ ಮಂಡಳಿ) ಎನ್ನುವುದು ಅದಕ್ಕೇ. ಮಾಡುವವರೂ ಅವರೇ, ಮಾರುವವರೂ ಅವರೇ, ಒಪ್ಪಿಗೆ ಕೊಡುವವರೂ ಅವರೇ. 2003ರ ವಿದ್ಯುತ್ ಕಾಯ್ದೆ ಇದನ್ನು ಬದಲಿಸಿತು. ಅದರ 7ನೇ ಕಲಂ ಉತ್ಪಾದನೆಗೆ ಲೈಸೆನ್ಸ್ ಬೇಡ ಎಂದಿತು. 9ನೇ ಕಲಂ, ಯಾವುದೇ ವ್ಯಕ್ತಿ ತನ್ನ ಬಳಕೆಗಾಗಿ ಸ್ವಂತ ವಿದ್ಯುತ್ ಘಟಕ ಕಟ್ಟಿ ನಡೆಸಬಹುದು ಎಂದಿತು. ದೊಡ್ಡ ಕಾರ್ಖಾನೆಗಳು ಈ ಕಲಮನ್ನು ಬಹಳ ಬೇಗ ಓದಿಕೊಂಡವು. ಮನೆಯವರು, ಅಂಗಡಿಯವರು, ರೈತರು ಓದಲಿಲ್ಲ. ಓದಿ ಹೇಳುವವರೂ ಇರಲಿಲ್ಲ.

2020ರ ಡಿಸೆಂಬರ್ 31ರಂದು ಕೇಂದ್ರ ಸರ್ಕಾರ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳನ್ನು ಹೊರಡಿಸಿತು. ಅದರ 11ನೇ ನಿಯಮ ಸಣ್ಣವರ ಪಾಲಿನದು. ಒಂದೇ ಜಾಗದಿಂದ ಕರೆಂಟ್ ತೆಗೆದುಕೊಳ್ಳುತ್ತ, ಅದೇ ಜಾಗದಿಂದ ಲೈನಿಗೆ ಕೊಡಲೂ ಬಲ್ಲ ಗ್ರಾಹಕರನ್ನು ಅದು ಬೇರೆಯಾಗಿ ಗುರುತಿಸುತ್ತದೆ. ಅಂಥವರು ಬೇರೆಲ್ಲ ಗ್ರಾಹಕರಂತೆ ಗ್ರಾಹಕರಾಗಿಯೇ ಉಳಿಯುತ್ತಾರೆ. ಅದರ ಮೇಲೆ, ಮಾಳಿಗೆಯ ಸೋಲಾರ್ ಸೇರಿದಂತೆ ನವೀಕರಿಸಬಹುದಾದ ಇಂಧನದ ಘಟಕವನ್ನು ತಾವಾಗಿಯೇ ಅಥವಾ ಸೇವೆ ಕೊಡುವವರ ಮೂಲಕ ಹಾಕಿಕೊಳ್ಳುವ ಹಕ್ಕು ಅವರಿಗಿದೆ. 'ಸೋಲಾರ್ ಹಾಕಿಸಿದರೆ ನಿಮ್ಮ ಕನೆಕ್ಷನ್ನಿನ ಸವಲತ್ತು ಹೋಗುತ್ತದೆ' ಎಂದು ಯಾರಾದರೂ ಹೆದರಿಸಿದರೆ, ಯಾವ ಆದೇಶದಲ್ಲಿ ಹಾಗಿದೆ ಎಂದು ಮೆಲ್ಲಗೆ ಕೇಳಿ.

ಈ ನಿಯಮ ಮೊದಲು ಬಂದಾಗ ನೆಟ್ ಮೀಟರಿನ ಸವಲತ್ತು (ಅದೇನೆಂದು ಮುಂದೆ ಹೇಳುತ್ತೇನೆ) 10 ಕಿಲೋವ್ಯಾಟಿಗೆ ನಿಂತಿತ್ತು. ಅದಕ್ಕಿಂತ ದೊಡ್ಡ ಘಟಕದವರು ಮಾಡಿದ್ದನ್ನೆಲ್ಲ ಅಗ್ಗಕ್ಕೆ ಕೊಟ್ಟು, ಬೇಕಾದ್ದನ್ನೆಲ್ಲ ತುಟ್ಟಿಗೆ ಕೊಳ್ಳಬೇಕಿತ್ತು. ದೇಶದ ಉದ್ದಗಲಕ್ಕೂ ಸಣ್ಣ ಉದ್ದಿಮೆಗಳವರು ಆಕ್ಷೇಪ ಎತ್ತಿದರು. ಆರು ತಿಂಗಳೂ ತುಂಬುವ ಮೊದಲು, 2021ರ ಜೂನ್ 28ರಂದು, ಆ ಮಿತಿ 500 ಕಿಲೋವ್ಯಾಟಿಗೆ ಅಥವಾ ಮಂಜೂರಾದ ಲೋಡಿಗೆ, ಎರಡರಲ್ಲಿ ಯಾವುದು ಕಡಿಮೆಯೋ ಅದಕ್ಕೆ ಏರಿತು. ಅಳದಿದ್ದರೆ ಹೆತ್ತ ತಾಯಿಯೂ ಹಾಲು ಕೊಡಳು ಎನ್ನುತ್ತಾರಲ್ಲ, ಸರ್ಕಾರದ ಮಟ್ಟಿಗಂತೂ ಆ ಮಾತು ನೂರಕ್ಕೆ ನೂರು ನಿಜ.

ಈಗ ದಿನಗಳ ಲೆಕ್ಕಕ್ಕೆ ಬರೋಣ. 2024ರ ಫೆಬ್ರವರಿಯಲ್ಲಿ ಈ ನಿಯಮಗಳಿಗೆ ಮತ್ತೆ ತಿದ್ದುಪಡಿ ಬಂತು. 10 ಕಿಲೋವ್ಯಾಟಿನವರೆಗಿನ ಮಾಳಿಗೆ ಸೋಲಾರ್ ಅರ್ಜಿಗೆ 'ನಿಮ್ಮ ಲೈನ್ ತಡೆಯುತ್ತದೆಯೋ ನೋಡಬೇಕು' ಎಂಬ ತಾಂತ್ರಿಕ ಪರಿಶೀಲನೆ ಇಲ್ಲ. ಎಲ್ಲ ವಿವರ ಸರಿಯಿದ್ದ ಅರ್ಜಿ ಒಪ್ಪಿದಂತೆಯೇ ಲೆಕ್ಕ. ಅದಕ್ಕೆ ಮಂಜೂರಾದ ಲೋಡ್ ಏರಿಸಬೇಕಾದರೆ ಏರಿಸುವುದು ಸರಬರಾಜು ಕಂಪನಿಯ ಕೆಲಸ. 10 ಕಿಲೋವ್ಯಾಟ್ ಮೀರಿದರೆ ಪರಿಶೀಲನೆಗೆ 15 ದಿನ. ಅಷ್ಟರೊಳಗೆ ಮುಗಿಯದಿದ್ದರೆ ಒಪ್ಪಿಗೆ ಸಿಕ್ಕಂತೆ. 5 ಕಿಲೋವ್ಯಾಟಿನವರೆಗೆ ಲೈನನ್ನೋ ಟಿ.ಸಿ.ಯನ್ನೋ (ಟ್ರಾನ್ಸ್‌ಫಾರ್ಮರ್) ಬಲಪಡಿಸಬೇಕಾಗಿ ಬಂದರೆ ಖರ್ಚು ಕಂಪನಿಯದೇ. ಪ್ಯಾನೆಲ್ ಕೂರಿಸಿದ ಪ್ರಮಾಣಪತ್ರ ಕೊಟ್ಟ ಮೇಲೆ ಒಪ್ಪಂದ, ಮೀಟರ್, ಚಾಲನೆ ಎಲ್ಲವೂ 15 ದಿನದೊಳಗೆ ಆಗಬೇಕು. ಮೊದಲು ಇದಕ್ಕೆ 30 ದಿನವಿತ್ತು. ಕಾರಣವಿಲ್ಲದೆ ತಡಮಾಡಿದರೆ ಗ್ರಾಹಕರಿಗೆ ಪರಿಹಾರ ಕೊಡಬೇಕೆಂದೂ ನಿಯಮ ಹೇಳುತ್ತದೆ.

ಇಷ್ಟೆಲ್ಲ ಇದ್ದೂ ಜನ ಸೋಲುವುದು ಎಲ್ಲಿ ಗೊತ್ತೇ? ಅರ್ಜಿ ಕೊಟ್ಟ ದಿನಕ್ಕೆ ಸಾಕ್ಷಿ ಇರುವುದಿಲ್ಲ. ಸೆಕ್ಷನ್ ಆಫೀಸಿಗೆ ಹೋಗುತ್ತಾರೆ, 'ಸಾಹೇಬ್ರು ಸೈಟಿಗೆ ಹೋಗ್ಯಾರ, ಸೋಮವಾರ ಬರ್ರಿ' ಎನ್ನಿಸಿಕೊಂಡು ಮರಳುತ್ತಾರೆ, ಬಾಯಿಮಾತಿನಲ್ಲೇ ಮೂರು ತಿಂಗಳು ಕಳೆಯುತ್ತದೆ. ಹದಿನೈದು ದಿನ ಎಂದು ಕಾನೂನು ಹೇಳುವುದು ನಿಜ. ಎಣಿಕೆ ಶುರುವಾಗುವುದು ಯಾವಾಗಿನಿಂದ ಎಂದು ತೋರಿಸಬೇಕಾದವರು ನೀವು. ಆದ್ದರಿಂದ ಅರ್ಜಿಯನ್ನು ಆನ್‌ಲೈನ್ ಪೋರ್ಟಲಿನಲ್ಲೇ ಹಾಕಿ, ನೋಂದಣಿ ಸಂಖ್ಯೆ ಬರೆದಿಡಿ. ಕೈಯಲ್ಲಿ ಕೊಟ್ಟರೆ ಎರಡನೆಯ ಪ್ರತಿಯ ಮೇಲೆ ಸೀಲು, ಸಹಿ, ತಾರೀಖು ಹಾಕಿಸಿಕೊಳ್ಳಿ. ಬೇಡಿಕೆ ಕನ್ನಡದಲ್ಲಿಯೇ ಇರಲಿ, ಒಂದು ಪುಟ ದಾಟದಿರಲಿ.

ಆಫೀಸಿನಲ್ಲಿ ದನಿ ಏರಿಸಬೇಡಿ. ಲೈನ್‌ಮನ್ನನ ಮೇಲಂತೂ ಹರಿಹಾಯಲೇಬೇಡಿ. ಮಳೆಯಲ್ಲಿ ಕಂಬ ಹತ್ತುವ ಆತ ನಿಮ್ಮ ಎದುರಾಳಿಯಲ್ಲ. ತಡವಾದರೆ ಮೊದಲು ಸಹಾಯವಾಣಿ 1912ಕ್ಕೆ ಕರೆ ಮಾಡಿ ದೂರಿನ ಸಂಖ್ಯೆ ತೆಗೆದುಕೊಳ್ಳಿ. ಆಮೇಲೆ ಉಪವಿಭಾಗದ ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರರಿಗೆ (ಎ.ಇ.ಇ.) ಪತ್ರ. ಅಲ್ಲಿಯೂ ಆಗದಿದ್ದರೆ 2003ರ ಕಾಯ್ದೆಯ 42ನೇ ಕಲಮಿನ ಪ್ರಕಾರ ಇರಲೇಬೇಕಾದ ಗ್ರಾಹಕರ ಕುಂದುಕೊರತೆ ವೇದಿಕೆ, ಅದರ ಮೇಲೆ ವಿದ್ಯುತ್ ಓಂಬುಡ್ಸ್‌ಮನ್. ಕುಂದುಕೊರತೆ ಬಗೆಹರಿಸಲು 45 ದಿನಕ್ಕಿಂತ ಹೆಚ್ಚು ಹಿಡಿಯಬಾರದು ಎಂಬುದು ನಿಯಮ. ಮೆಟ್ಟಿಲುಗಳನ್ನು ಒಂದೊಂದಾಗಿ ಹತ್ತಿ. ಹತ್ತಿದ ಪ್ರತಿ ಮೆಟ್ಟಿಲಿಗೂ ಒಂದು ಕಾಗದ ನಿಮ್ಮ ಕಡತದಲ್ಲಿರಲಿ.

ನಮ್ಮ ಊರುಗಳಲ್ಲಿ ಇನ್ನೊಂದು ತೊಡಕಿದೆ, ಅದು ಆಫೀಸಿನದಲ್ಲ, ಮನೆಯೊಳಗಿನದು. ಎಷ್ಟೋ ಮನೆಗಳ ಮೀಟರಿನ ಆರ್.ಆರ್. ನಂಬರ್ ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲಿದೆ. ಮನೆ ಮೂವರು ಅಣ್ಣತಮ್ಮಂದಿರಿಗೆ ಬಾಯಿಮಾತಿನಲ್ಲಿ ಹಂಚಿಕೆಯಾಗಿದೆ, ಕಾಗದದಲ್ಲಿ ಆಗಿಲ್ಲ. ಮಾಳಿಗೆ ಸೋಲಾರಿಗೆ ಸರ್ಕಾರ ಕೊಡುವ ಸಹಾಯಧನ ಬರುವುದು ಅರ್ಜಿದಾರರ ಹೆಸರಿನ ಖಾತೆಗೆ. ಸತ್ತವರ ಹೆಸರಿನಲ್ಲಿ ಯೋಜನೆ ನಡೆಯದು. ಸೋಲಾರಿನ ಮಾತೆತ್ತುವ ಮೊದಲು ಮೀಟರನ್ನು ಬದುಕಿರುವವರ ಹೆಸರಿಗೆ ಮಾಡಿಸಿ. ಮಾಳಿಗೆ ಯಾರ ಪಾಲಿನದು, ಪ್ಯಾನೆಲ್ಲಿಗೆ ಎಷ್ಟು ಜಾಗ, ಬಿಲ್ಲಿನಲ್ಲಿ ಉಳಿದದ್ದು ಯಾರಿಗೆ ಎಂಬುದನ್ನು ಅಣ್ಣತಮ್ಮ ಅಕ್ಕತಂಗಿಯರು ಕೂತು ಬರೆದುಕೊಳ್ಳಿ. ಅವ್ವನ ಹೆಸರಿಗೆ ಮೀಟರ್ ಇದ್ದರೆ ಇನ್ನೂ ಒಳ್ಳೆಯದು. ಮನೆಯಲ್ಲಿ ಕರೆಂಟಿನ ಲೆಕ್ಕ ಗೊತ್ತಿರುವುದು ಸಾಮಾನ್ಯವಾಗಿ ಆಕೆಗೇ.

ಇನ್ನು ದುಡ್ಡಿನ ಮಾತು. ಹಕ್ಕಿದೆ ಎಂದ ಮಾತ್ರಕ್ಕೆ ಎಲ್ಲರೂ ಹಾಕಿಸಬೇಕೆಂದಿಲ್ಲ. 2023ರ ಜುಲೈನಿಂದ ಮನೆಗಳಿಗೆ ಒಂದು ಮಿತಿಯವರೆಗೆ ಉಚಿತ ಕರೆಂಟ್ ಕೊಡುವ ಗೃಹಜ್ಯೋತಿ ಬಂದಿದೆ. ನಿಮ್ಮ ಬಳಕೆ ಅದರ ಮಿತಿಯೊಳಗಿದ್ದು ಬಿಲ್ಲು ಸೊನ್ನೆ ಬರುತ್ತಿದ್ದರೆ, ಸಾಲ ಮಾಡಿ ಪ್ಯಾನೆಲ್ ಕೂರಿಸಿ ಉಳಿಸುವುದು ಏನನ್ನು? ಅದೇ ನಿಮ್ಮ ಮನೆಯ ಬಳಕೆ 200 ಯೂನಿಟ್ ದಾಟಿ ಪೂರ್ತಿ ಬಿಲ್ಲು ಕಟ್ಟುತ್ತಿದ್ದರೆ, ಅಥವಾ ಹಿಟ್ಟಿನ ಗಿರಣಿ, ಝೆರಾಕ್ಸ್ ಅಂಗಡಿ, ಖಾನಾವಳಿ, ವೆಲ್ಡಿಂಗ್ ಶೆಡ್ ಇಟ್ಟಿದ್ದರೆ ಲೆಕ್ಕ ಬೇರೆ. ಅಂಗಡಿ ಮಳಿಗೆಗೆ ಗೃಹಜ್ಯೋತಿ ಇಲ್ಲ, ದರವೂ ಹೆಚ್ಚು, ಬಳಕೆ ಹಗಲಿನಲ್ಲೇ.

ಒಂದು ಕಿಲೋವ್ಯಾಟ್ ಪ್ಯಾನೆಲ್ ನಮ್ಮ ಬಿಸಿಲಿಗೆ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಕೊಡುತ್ತದೆ ಎಂದು ಹಿಡಿಯಿರಿ. ಜಾಗ ಸುಮಾರು ನೂರು ಚದರ ಅಡಿ ಬೇಕು. 2024ರ ಫೆಬ್ರವರಿಯಲ್ಲಿ ಬಂದ ಪಿ.ಎಂ. ಸೂರ್ಯಘರ್ ಯೋಜನೆಯಲ್ಲಿ ಮನೆಗಳಿಗೆ 1 ಕಿಲೋವ್ಯಾಟಿಗೆ 30,000, 2 ಕಿಲೋವ್ಯಾಟಿಗೆ 60,000, 3 ಕಿಲೋವ್ಯಾಟ್ ಮತ್ತು ಮೇಲ್ಪಟ್ಟದ್ದಕ್ಕೆ 78,000 ರೂಪಾಯಿ ಸಹಾಯಧನ. ಕಳೆದ ಹನ್ನೆರಡು ತಿಂಗಳ ಬಿಲ್ಲು ಮುಂದಿಟ್ಟುಕೊಂಡು, ಈ ಅಂಕಿಗಳನ್ನು ಪಕ್ಕಕ್ಕೆ ಬರೆದು, ಹಾಕಿದ ದುಡ್ಡು ಎಷ್ಟು ವರ್ಷಕ್ಕೆ ಮರಳುತ್ತದೆ ಎಂದು ನೀವೇ ಕೂಡಿಸಿ. ಮಾರುವವರು ಹಾಕಿಕೊಟ್ಟ ಲೆಕ್ಕವನ್ನು ಕೊನೆಗೆ ನೋಡಿ.

ನೆಟ್ ಮೀಟರ್ ಅಂದರೇನೆಂದು ಹಲವರಿಗೆ ಗೊಂದಲವಿದೆ. ಹಿಂದೆ ಸುಗ್ಗಿಯ ಜೋಳವನ್ನು ಹಗೇವಿಗೆ ಹಾಕಿ, ಬೇಕಾದಾಗ ತೆಗೆದು ಉಣ್ಣುತ್ತಿದ್ದೆವು. ಹಗಲಿನ ಹೆಚ್ಚುವರಿ ಯೂನಿಟ್ ಲೈನಿಗೆ ಹಾಕಿ, ರಾತ್ರಿ ಅಷ್ಟನ್ನೇ ಮರಳಿ ತೆಗೆದುಕೊಳ್ಳುವುದೂ ಹಾಗೆಯೇ. ನಿವ್ವಳ ಬಳಕೆಗೆ ಮಾತ್ರ ಬಿಲ್ಲು. ಗ್ರಾಸ್ ಮೀಟರಿನಲ್ಲಿ ಹಾಗಲ್ಲ: ಮಾಡಿದ್ದೆಲ್ಲ ವಿದ್ಯುತ್ ನಿಯಂತ್ರಣ ಆಯೋಗದ ದರಕ್ಕೆ ಮಾರಾಟ, ಬಳಸಿದ್ದೆಲ್ಲ ಮಾಮೂಲಿ ದರಕ್ಕೆ ಖರೀದಿ. ಯಾವ ಒಪ್ಪಂದಕ್ಕೆ ಸಹಿ ಹಾಕುತ್ತಿದ್ದೀರಿ ಎಂದು ಓದದೆ ಸಹಿ ಹಾಕಬೇಡಿ.

ದರದ ಬಗ್ಗೆ ಒಂದು ಹಳೆಯ ಸಂಗತಿ ಕೇಳಿ. 2013ರ ಅಕ್ಟೋಬರಿನಲ್ಲಿ ನಮ್ಮ ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ ಮಾಳಿಗೆ ಸೋಲಾರಿನ ಯೂನಿಟ್ಟಿಗೆ 9 ರೂಪಾಯಿ 56 ಪೈಸೆ ನಿಗದಿ ಮಾಡಿತು. ಕೆಲವರು ಮನೆಯ ಅಗತ್ಯ ಬಿಟ್ಟು, ಮಾರುವುದಕ್ಕೆಂದೇ ದೊಡ್ಡ ದೊಡ್ಡ ಶೆಡ್ ಎಬ್ಬಿಸಲು ಮುಂದಾದರು. ಪ್ಯಾನೆಲ್ ಬೆಲೆ ಇಳಿದಂತೆ ಆಯೋಗ ದರವನ್ನೂ ಇಳಿಸುತ್ತ ಬಂತು. ಇವತ್ತಿನ ದರ ನಾಳೆ ಹೊಸಬರಿಗೆ ಸಿಗುತ್ತದೆಂಬ ಖಾತರಿಯಿಲ್ಲ. ಆದ್ದರಿಂದ ಮೊದಲ ಗುರಿ ಸ್ವಂತ ಬಳಕೆ. ಮಾರಾಟ ಬಂದರೆ ಬಂತು.

ಇನ್ನೊಂದು ನಿರಾಶೆಯನ್ನು ಮೊದಲೇ ಹೇಳಿಬಿಡುತ್ತೇನೆ. ಲೈನಿಗೆ ಜೋಡಿಸಿದ ಸಾಮಾನ್ಯ ಸೋಲಾರ್ ಘಟಕ, ಕರೆಂಟ್ ಹೋದಾಗ ತಾನೂ ನಿಂತುಹೋಗುತ್ತದೆ. ನೆತ್ತಿಯ ಮೇಲೆ ಬಿಸಿಲು ಸುಡುತ್ತಿದ್ದರೂ ಫ್ಯಾನ್ ತಿರುಗುವುದಿಲ್ಲ. ಇದು ಕಂಪನಿಯ ಕುತಂತ್ರವಲ್ಲ. ಲೈನ್ ಆಫ್ ಮಾಡಿ ಕಂಬ ಹತ್ತಿದವನಿಗೆ ನಿಮ್ಮ ಮಾಳಿಗೆಯ ಕರೆಂಟ್ ಹಿಂದಿನಿಂದ ಹರಿದು ಬಡಿಯಬಾರದು ಎಂಬ ಕಾರಣಕ್ಕೆ ಇನ್ವರ್ಟರ್ ತಾನಾಗಿ ನಿಲ್ಲುತ್ತದೆ. ಕರೆಂಟ್ ಹೋದಾಗಲೂ ಬೇಕೆಂದರೆ ಬ್ಯಾಟರಿ ಇರುವ ಹೈಬ್ರಿಡ್ ಘಟಕ ಬೇಕು, ಖರ್ಚು ಹೆಚ್ಚು. ಯಾವುದೇ ಕಾರಣಕ್ಕೂ ಅನುಮತಿಯಿಲ್ಲದೆ ಲೈನಿಗೆ ತಂತಿ ಜೋಡಿಸುವ ಕೆಲಸಕ್ಕೆ ಕೈಹಾಕಬೇಡಿ. ನಿಮ್ಮ ಹಕ್ಕಿನ ಹೆಸರಿನಲ್ಲಿ ಇನ್ನೊಬ್ಬರ ಮನೆಯ ದೀಪ ಆರಬಾರದು.

ಘಟಕ ಕೂರಿಸುವಾಗ ನಮ್ಮ ಸೀಮೆಯ ಗುಣ ನೆನಪಿರಲಿ. ಕುಷ್ಟಗಿ ಕಡೆ ಕಲ್ಲು ಗಣಿಯ ಧೂಳು, ಗಿಣಿಗೇರಿ ಸುತ್ತ ಕಾರ್ಖಾನೆಯ ಕರಿ. ತೊಳೆಯದ ಪ್ಯಾನೆಲ್ ಕಡಿಮೆ ಕೊಡುತ್ತದೆ. ಬೆಳಗಿನ ತಂಪಿನಲ್ಲಿ ತೊಳೆಯಿರಿ, ಕಾದ ಗಾಜಿಗೆ ತಣ್ಣೀರು ಸುರಿಯಬೇಡಿ. ಬೇಸಿಗೆಯ ಕಡು ಬಿಸಿಗೆ ಪ್ಯಾನೆಲ್ ಹೆಚ್ಚು ಕೊಡುತ್ತದೆ ಎಂದುಕೊಳ್ಳಬೇಡಿ. ಅದಕ್ಕೆ ಬೇಕಾದದ್ದು ಬೆಳಕು, ಶಾಖ ಏರಿದಷ್ಟೂ ಅದರ ಕೆಲಸ ಕುಗ್ಗುತ್ತದೆ. ಆಷಾಢದ ಗಾಳಿ ಹೇಗೆಂದು ನಿಮಗೆ ಹೇಳಬೇಕಿಲ್ಲ. ಕಬ್ಬಿಣದ ಕಾಲುಗಳು ಮಾಳಿಗೆಗೆ ಗಟ್ಟಿಯಾಗಿ ಕಚ್ಚಿರಬೇಕು. ಹಳೆಯ ಮಣ್ಣಿನ ಮಾಳಿಗೆಯಾದರೆ ಭಾರ ತಡೆಯುತ್ತದೆಯೇ ಎಂದು ಬಲ್ಲವರನ್ನು ಕೇಳಿ. ನೋಂದಾಯಿತ ಮಾರಾಟಗಾರರಿಂದಲೇ ಕೊಳ್ಳಿ, ಪೂರ್ತಿ ಹಣ ಮುಂಗಡ ಕೊಡಬೇಡಿ, ಐದು ವರ್ಷದ ನಿರ್ವಹಣೆ ಅವರದೆಂದು ಒಪ್ಪಂದದಲ್ಲಿ ಬರೆಸಿ. ಸಹಾಯಧನ ಬೇಕೆಂದರೆ ಪ್ಯಾನೆಲ್ ದೇಶದಲ್ಲೇ ತಯಾರಾದದ್ದಾಗಿರಬೇಕು.

ಗಂಗಾವತಿ, ಕಾರಟಗಿಯ ರೈಸ್ ಮಿಲ್ಲುಗಳ ಮನೆಯ ಮಕ್ಕಳಿಗೆ ಬೇರೆ ಒಂದು ಮಾತು. ನಿಮ್ಮ ಶೆಡ್ಡಿನ ತಗಡಿನ ಮೇಲೆ ಎಕರೆಗಟ್ಟಲೆ ಬಿಸಿಲು ಬೀಳುತ್ತದೆ. ಹಲವು ಮಿಲ್ಲಿನವರು ಸೇರಿ ಬೇರೆಡೆ ಒಂದು ಘಟಕ ಕಟ್ಟಿಕೊಂಡು ತಮ್ಮ ತಮ್ಮ ಮಿಲ್ಲಿಗೆ ಕರೆಂಟ್ ತರುವ ದಾರಿಯೂ ಕಾನೂನಿನಲ್ಲಿದೆ: ಬಂಡವಾಳದಲ್ಲಿ ಬಳಕೆದಾರರ ಪಾಲು ಕನಿಷ್ಠ ಶೇ. 26 ಇರಬೇಕು, ವರ್ಷದ ಉತ್ಪಾದನೆಯಲ್ಲಿ ಕನಿಷ್ಠ ಶೇ. 51 ಅವರೇ ಬಳಸಬೇಕು ಎಂದು 2005ರ ನಿಯಮ. 2022ರ ಜೂನಿನಲ್ಲಿ ಕೇಂದ್ರ ಸರ್ಕಾರ, ಹಸಿರು ವಿದ್ಯುತ್ತನ್ನು ಬೇರೆಡೆಯಿಂದ ಲೈನಿನ ಮೂಲಕ ತರಿಸಿಕೊಳ್ಳುವ ಮಿತಿಯನ್ನು 1 ಮೆಗಾವ್ಯಾಟಿನಿಂದ 100 ಕಿಲೋವ್ಯಾಟಿಗೆ ಇಳಿಸಿತು. ಆದರೆ 2024ರ ಡಿಸೆಂಬರಿನಲ್ಲಿ ನಮ್ಮ ಹೈಕೋರ್ಟ್ ಆ ನಿಯಮಗಳನ್ನು ರದ್ದು ಮಾಡಿ, ಇಂಥ ಕಟ್ಟಳೆ ಮಾಡುವ ಅಧಿಕಾರ ರಾಜ್ಯದ ಆಯೋಗದ್ದು ಎಂದಿತು. ಇದರಿಂದ ಕಲಿಯಬೇಕಾದದ್ದು: ದೆಹಲಿಯ ನಿಯಮವೊಂದನ್ನೇ ಓದಿ ದುಡ್ಡು ಹೂಡಬೇಡಿ. ಬೆಂಗಳೂರಿನ ಆಯೋಗದ ಈಚಿನ ಆದೇಶವನ್ನು ಪಕ್ಕದಲ್ಲಿಟ್ಟು, ವಕೀಲರನ್ನೂ ಲೆಕ್ಕಪರಿಶೋಧಕರನ್ನೂ ಕೇಳಿ ಮುಂದುವರಿಯಿರಿ. ಮನೆಯ ಮಾಳಿಗೆಗೂ ಆಯೋಗದ ಕಟ್ಟಳೆ ನೋಡುವುದು ಒಳ್ಳೆಯದೇ.

ಒಣಬೇಸಾಯದ ಮಕ್ಕಳು ಕೇಳಿ. ಆಗಿನ ರಾಮನಗರ ಜಿಲ್ಲೆಯ ಕನಕಪುರ ತಾಲೂಕಿನ ಹಾರೋಬೆಲೆಯಲ್ಲಿ ದಶಕದ ಹಿಂದೆಯೇ 'ಸೂರ್ಯ ರೈತ' ಯೋಜನೆಯಲ್ಲಿ ರೈತರ ಪಂಪ್‌ಸೆಟ್ಟುಗಳಿಗೆ ಸೋಲಾರ್ ಜೋಡಿಸಿ, ನೀರೆತ್ತಿ ಉಳಿದ ಕರೆಂಟನ್ನು ಅಲ್ಲಿನ ಸರಬರಾಜು ಕಂಪನಿ ಬೆಸ್ಕಾಂಗೆ ಮಾರುವ ವ್ಯವಸ್ಥೆ ಮಾಡಿದರು. ರೈತ ಕರೆಂಟನ್ನೂ ಬೆಳೆಯಬಲ್ಲ ಎಂದು ತೋರಿಸಿದ ಊರು ಅದು. 2019ರಲ್ಲಿ ಬಂದ ಪಿ.ಎಂ. ಕುಸುಮ್ ಅದನ್ನು ದೇಶಕ್ಕೆ ಹರಡಿತು. ಅದರ 'ಬಿ' ಭಾಗದಲ್ಲಿ ಬೋರಿಗೆ ಸೋಲಾರ್ ಪಂಪ್. ಕರ್ನಾಟಕದಲ್ಲಿ ಕೇಂದ್ರ ಶೇ. 30, ರಾಜ್ಯ ಶೇ. 50 ಕೊಟ್ಟು ರೈತನ ಪಾಲು ಶೇ. 20ಕ್ಕೆ ಇಳಿದಿತ್ತು. 'ಎ' ಭಾಗದಲ್ಲಿ ಸಬ್‌ಸ್ಟೇಷನ್ನಿನಿಂದ ಐದು ಕಿಲೋಮೀಟರಿನೊಳಗಿನ ಬರಡು ಜಮೀನಿನಲ್ಲಿ 500 ಕಿಲೋವ್ಯಾಟಿನಿಂದ 2 ಮೆಗಾವ್ಯಾಟಿನವರೆಗೆ ರೈತರೋ ಸಂಘಗಳೋ ಘಟಕ ಕಟ್ಟಬಹುದು. ಯಾವ ಭಾಗದ ಅರ್ಜಿ ಈಗ ತೆರೆದಿದೆ, ಶರತ್ತು ಏನು ಎಂದು ರೈತ ಸಂಪರ್ಕ ಕೇಂದ್ರದಲ್ಲಿ, ಜೆಸ್ಕಾಂನಲ್ಲಿ ವಿಚಾರಿಸಿ. ಬೋರಿನಲ್ಲಿ ನೀರಿಲ್ಲದೆ ಸೋಲಾರ್ ಪಂಪ್ ಹಾಕಿಸಿ ಉಪಯೋಗವಿಲ್ಲ. ಬಿಸಿಲು ಪುಕ್ಕಟೆ ಎಂದು ದಿನವಿಡೀ ನೀರೆತ್ತಿ ಅಂತರ್ಜಲ ಬತ್ತಿಸಿದರೆ ಯಾವ ಸಹಾಯಧನವೂ ಅದನ್ನು ತುಂಬಿಕೊಡುವುದಿಲ್ಲ.

ಲೀಸಿನ ಕಾಗದ ಹಿಡಿದು ಮನೆಗೆ ಬರುವವರ ಬಗ್ಗೆಯೂ ಹೇಳಬೇಕು. ಪಾವಗಡದ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕಿಗೆ ರೈತರು ಜಮೀನು ಮಾರಲಿಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಲೀಸಿಗೆ ಕೊಟ್ಟರು. ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ. ಉತಾರದಲ್ಲಿ ಹೆಸರು ಉಳಿಯಿತು ಎಂಬುದು ದೊಡ್ಡ ಮಾತು. ಉಳಲು ಹೊಲವಿಲ್ಲದೆ ಕೂಲಿ ಹೋಯಿತು ಎಂಬುದೂ ಅಷ್ಟೇ ದೊಡ್ಡ ಮಾತು, ಜಮೀನಿಲ್ಲದವರಿಗಂತೂ ಬಾಡಿಗೆಯೂ ಬರಲಿಲ್ಲ. ಲೀಸು ಬೇಡ ಎನ್ನುವುದಿಲ್ಲ. ಆದರೆ ಲೀಸು ಕೊಡುವುದು ಬೇರೆ, ಕರೆಂಟ್ ಮಾಡುವುದು ಬೇರೆ. ಒಂದರಲ್ಲಿ ಬಾಡಿಗೆ, ಇನ್ನೊಂದರಲ್ಲಿ ಯಜಮಾನಿಕೆ. ಇಪ್ಪತ್ತೈದು ಮೂವತ್ತು ವರ್ಷದ ಒಪ್ಪಂದವನ್ನು ಕನ್ನಡದಲ್ಲಿ ಕೇಳಿ. ಏರಿಕೆ, ದಾರಿ, ಅವಧಿ ಮುಗಿದಾಗ ಕಾಂಕ್ರೀಟು ತೆಗೆಯುವವರು ಯಾರು ಎಂಬುದನ್ನು ಬೆರಳಿಟ್ಟು ಓದಿಸಿ.

ಕೊನೆಯ ಮಾತು ನಿಮ್ಮಲ್ಲಿ ಓದಿದವರಿಗೆ. ನೀವು ಲೈನಿಗೆ ಕೊಡುವ ಯೂನಿಟ್ಟಿಗೆ ಎಷ್ಟು, ತೆಗೆದುಕೊಳ್ಳುವ ಯೂನಿಟ್ಟಿಗೆ ಎಷ್ಟು ಎಂದು ತೀರ್ಮಾನಿಸುವುದು ವಿದ್ಯುತ್ ನಿಯಂತ್ರಣ ಆಯೋಗ. ದರ ನಿಗದಿ ಮಾಡುವ ಮೊದಲು ಸಾರ್ವಜನಿಕರ ಆಕ್ಷೇಪಣೆ, ಸಲಹೆ ಕೇಳಬೇಕೆಂದು 2003ರ ಕಾಯ್ದೆಯ 64ನೇ ಕಲಂ ಹೇಳುತ್ತದೆ. ಪತ್ರಿಕೆಯಲ್ಲಿ ಪ್ರಕಟಣೆ ಬರುತ್ತದೆ, ವಿಚಾರಣೆ ನಡೆಯುತ್ತದೆ. ಅಲ್ಲಿ ಕಾರ್ಖಾನೆಗಳ ಪರವಾಗಿ ಮಾತಾಡುವವರು ಕಡತ ಹಿಡಿದು ಬಂದಿರುತ್ತಾರೆ. ಕೊಪ್ಪಳದ ಗಿರಣಿಯವರೋ ಕುಷ್ಟಗಿಯ ರೈತರೋ ಅಲ್ಲಿ ಮಾತಾಡಬಾರದೆಂದು ಯಾರೂ ಹೇಳಿಲ್ಲ. ಊರಿನ ಹತ್ತು ಜನ ಸೇರಿ, ಹತ್ತು ಬಿಲ್ಲು ಜೋಡಿಸಿ, ಒಂದು ಪುಟದ ಆಕ್ಷೇಪಣೆ ಬರೆದು ಕಳಿಸಿ. ಸಾಧ್ಯವಾದರೆ ಒಬ್ಬರು ಹೋಗಿ ಎದ್ದು ನಿಂತು ಹೇಳಿ. ನೀವು ಬಾಯಿ ಬಿಡದಿದ್ದರೆ, ನಿಮ್ಮ ಬಿಸಿಲಿನ ಬೆಲೆಯನ್ನು ಬಾಯಿ ಬಿಟ್ಟವರ ಮಾತು ಕೇಳಿ ಬರೆಯುತ್ತಾರೆ.